ನಿಮ್ಮ ಪ್ರದೇಶಕ್ಕೆ ಬರುವುದಿಲ್ಲ

ನೊರೀನಳ ಮಂಡಿ ಕೈಕೊಟ್ಟದ್ದು ಆ ಚಳಿಗಾಲದಲ್ಲಿ. ಗೋದಾಮಿನ ಸಿಮೆಂಟು ನೆಲ ಅದನ್ನು ತಿಂದು ಹಾಕಿತ್ತು. ಆದರೂ ಅವಳು ಕೆಲಸ ಬಿಡಲಿಲ್ಲ. ಪಟ್ಟಿ ಬಿಗಿದುಕೊಂಡು ಕುಂಟುತ್ತಲೇ ಬಂದಳು.

ನಮ್ಮದು ಸಾಮಾನು ಆಯುವ ಕೆಲಸ. ಊರಿನವರು ಮನೆಯಲ್ಲಿ ಕೂತು ಫೋನಿನಲ್ಲಿ ಆರ್ಡರ್ ಕೊಡುತ್ತಾರೆ. ಅವರಿಗೆ ಬೇಕಾದದ್ದು ನಮ್ಮ ಮಣಿಕಟ್ಟಿಗೆ ಕಟ್ಟಿದ ಯಂತ್ರದಲ್ಲಿ ಮೂಡುತ್ತದೆ. ಹಾಲು, ಮೊಟ್ಟೆ, ಸೇಬು, ನಾಯಿಯ ಬಿಸ್ಕತ್ತು. ಓಡಬೇಕು, ತೆಗೆಯಬೇಕು, ಪೆಟ್ಟಿಗೆಗೆ ಹಾಕಬೇಕು. ನಿಧಾನವಾದರೆ ಯಂತ್ರ ಗುಂಯ್ ಅನ್ನುತ್ತದೆ. ಮತ್ತೆ ಮತ್ತೆ ಗುಂಯ್ ಅಂದರೆ ಮುಂದಿನ ವಾರ ಕೆಲಸಕ್ಕೆ ಕರೆಯುವುದಿಲ್ಲ.

ನಾವಿರುವುದು ಸ್ಕಾರ್‌ಬೆಕ್ ಕಾಲೊನಿಯಲ್ಲಿ. ಗೋದಾಮು ಎದ್ದದ್ದು ನಮ್ಮ ಬೆನ್ನಿಗೇ. ಅಡುಗೆಮನೆಯ ಪರದೆ ಸರಿಸಿದರೆ ಅದರ ನೀಲಿ ಗೋಡೆ. ಆದರೆ ಅದು ಅಂಗಡಿಯಲ್ಲ. ಅಲ್ಲಿ ಒಂದು ಬ್ರೆಡ್ಡು ಕೊಳ್ಳುತ್ತೇನೆಂದರೂ ಕೊಡುವವರಿಲ್ಲ. ಕಾಲೊನಿಗಿರುವ ಅಂಗಡಿ ಒಂದೇ, ಮುದುಕ ಕ್ಲೆಗ್‌ನದು. ಬಿಯರು, ಲಾಟರಿ ಚೀಟಿ, ಚಿಪ್ಸು, ಬ್ರೆಡ್ಡು, ಡಬ್ಬಿಯ ಸೂಪು. ಎಲ್ಲಕ್ಕೂ ಒಂದಕ್ಕೆರಡು ಬೆಲೆ. ಸೊಪ್ಪು ತರಕಾರಿ ಬೇಕೆಂದರೆ ಟೀಸ್ ನದಿ ದಾಟಬೇಕು, ಅತ್ತ ಬಸ್ಸಿಲ್ಲ. ಮಂಡಿ ಗಟ್ಟಿಯಿದ್ದಾಗ ನೊರೀನ್ ಹೆದ್ದಾರಿಯ ಅಂಚಿನಲ್ಲಿ ನಡೆದೇ ಹೋಗಿ ಹೊತ್ತು ತರುತ್ತಿದ್ದಳು. ಈಗ ಆಗದು.

ಅವಳ ಗಂಡ ವಿಲ್ಫ್‌ನ ಎರಡು ಕಿಡ್ನಿಗಳೂ ಕೆಟ್ಟಿದ್ದವು. ಆಸ್ಪತ್ರೆಯ ಗಾಡಿ ಬಂದು ಕರೆದೊಯ್ದು, ರಕ್ತ ಶುದ್ಧಿಮಾಡಿಸಿ, ತಂದು ಬಿಡುತ್ತಿತ್ತು. ಉಪ್ಪು ಅವನಿಗೆ ವಿಷ, ತಿಂದರೆ ಮೈಯಲ್ಲಿ ನೀರು ನಿಂತು ಕಾಲು ಊದುತ್ತಿತ್ತು. ಕ್ಲೆಗ್‌ನ ಅಂಗಡಿಯಲ್ಲಿ ಉಪ್ಪಿಲ್ಲದ್ದು ಅಂದರೆ ಲಾಟರಿ ಚೀಟಿ ಒಂದೇ.

ಒಂದು ದಿನ ಊಟದ ಬಿಡುವಿನಲ್ಲಿ ನೊರೀನ್ ಫೋನು ಹಿಡಿದು ನನ್ನ ಪಕ್ಕ ಕೂತಳು.

"ಮೋರಾ, ನೋಡೇ ಇಲ್ಲಿ. ಎಲ್ಲಾ ಸೂಪರ್ ಮಾರ್ಕೆಟ್ಟೂ ಹೋಲಿಸಿ ನೋಡಿ, ದುಡ್ಡು ಉಳಿಸಿ ಅಂತಾರಲ್ಲ. ನಾನೂ ಹೋಲಿಸ್ದೆ."

"ಎಷ್ಟು ಉಳೀತು?"

"ನನ್ನ ತಲೆ! ಅಗ್ಗದ ಅಂಗಡಿಯೋರು ಯಾರ ಮನೆಗೂ ತಂದುಕೊಡಲ್ವಂತೆ. ಇನ್ನೊಬ್ರು ತರ್ತಾರಂತೆ, ಆದ್ರೆ ಅವರು ಹೇಳಿದಷ್ಟು ಸಾಮಾನು ಒಂದೇ ಸಲ ತಗೋಬೇಕಂತೆ. ಅದು ನಮ್ಮ ತಿಂಗಳ ರೇಷನ್ನು. ಉಳಿದದ್ದು ನಮ್ಮ ಕಂಪನಿ. ಇಲ್ಲಿ ಓದು."

ಓದಿದೆ. 'ಕ್ಷಮಿಸಿ, ನಿಮ್ಮ ಪ್ರದೇಶಕ್ಕೆ ನಾವು ಬರುವುದಿಲ್ಲ.'

ಇಬ್ಬರಿಗೂ ನಗು ಬಂತು. ಆಮೇಲೆ ನಗು ನಿಂತಿತು. ವ್ಯಾನುಗಳು ಹೊರಗೆ ಹೋಗುವುದೇ ನಮ್ಮ ಮನೆಗಳ ಮುಂದಿನ ರಸ್ತೆಯಲ್ಲಿ.

ನೊರೀನ್ ನೇರ ಮ್ಯಾನೇಜರ್ ಕ್ರಿಸ್ಪಿನ್‌ನ ಹತ್ತಿರ ಹೋದಳು. ಅವಳ ಮಗನ ವಯಸ್ಸಿನವನು.

"ಅದು ನಾನು ಮಾಡಿದ್ದಲ್ಲ ಕಣಮ್ಮ, ಕಂಪ್ಯೂಟರ್ ಮಾಡಿದ್ದು" ಅಂದ. "ನಿಮ್ಮ ಕಾಲೊನೀಲಿ ವ್ಯಾನಿಗೆ ಕಲ್ಲು ಹೊಡೆದಿದ್ರಂತೆ. ಡ್ರೈವರುಗಳ ಕ್ಷೇಮ ನೋಡ್ಬೇಕಲ್ಲ."

"ಯಾವಾಗ ಹೊಡೆದಿದ್ದು?"

"ನಾನು ಬರೋಕೂ ಮುಂಚೆ."

"ನಿಮ್ಮ ಡ್ರೈವರುಗಳಲ್ಲಿ ಅರ್ಧ ಜನ ನಮ್ಮ ಕಾಲೊನಿಯೋರೇ ಅಲ್ವೇನಪ್ಪ? ಅವರು ಸಂಜೆ ಮನೆಗೆ ಬಂದು ಮಲಗ್ತಾರಲ್ಲ, ಆಗ ಅವರ ಕ್ಷೇಮ ಯಾರು ನೋಡ್ತಾರೆ?"

ಕ್ರಿಸ್ಪಿನ್ ತನ್ನ ಫೋನು ನೋಡಿಕೊಂಡ.

ದಾರಿ ತೋರಿಸಿದವಳು ಬರ್ನಿ. ನಮ್ಮ ಪಕ್ಕದ ಮನೆಯವಳು, ನದಿಯಾಚೆಯ ದೊಡ್ಡ ಮನೆಗಳಲ್ಲಿ ನೆಲ ಒರೆಸುವವಳು. ಅಲ್ಲಿ ಒಬ್ಬ ಒಂಟಿ ಅಜ್ಜಿ, ಮಿಸೆಸ್ ಆಸ್ಕ್ಯೂ, ಒಳ್ಳೆಯವಳು. "ನನ್ನ ವಿಳಾಸಕ್ಕೆ ತರಿಸ್ಕೊಳ್ಳಿ, ಅದಕ್ಕೇನಂತೆ" ಅಂದಳಂತೆ. ನಮ್ಮ ಸಾಲಿನ ಹೆಂಗಸರೆಲ್ಲ ಸೇರಿ ಒಂದೇ ಆರ್ಡರ್ ಹಾಕಿದೆವು. ಬರ್ನಿಯ ಅಣ್ಣನ ಹಳೇ ಕಾರಿನಲ್ಲಿ ತಂದು, ಅವಳ ಮನೆಯ ಮುಂದೆ ಹಂಚಿಕೊಂಡೆವು. ಜಾತ್ರೆಯಾದಂತಾಯಿತು. "ಲೇ, ಆ ಕೋಸು ನಂದು!" "ನಿನ್ನ ಮುಖಕ್ಕೆ ಅಷ್ಟು ದೊಡ್ಡ ಕೋಸಾ?" ವಿಲ್ಫ್ ತನ್ನ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸೇಬು ಕಚ್ಚುತ್ತಾ ಕೂತಿದ್ದ. ಅವನ ಕಾಲಿನ ಊತ ಇಳಿದಿತ್ತು.

ಆ ಸುಖ ಈಸ್ಟರ್ ಹಬ್ಬದವರೆಗೆ. ಅಜ್ಜಿಯ ನೆರೆಯವರು ಕಂಪನಿಗೆ ದೂರು ಕೊಟ್ಟರು. ಯಾರು ಯಾರೋ ಬಂದು ಪೆಟ್ಟಿಗೆಗಟ್ಟಲೆ ಸಾಮಾನು ಸಾಗಿಸುತ್ತಾರೆ, ನಮಗೆ ಹೆದರಿಕೆ ಅಂತ. ಕಂಪನಿ ಅಜ್ಜಿಯ ಖಾತೆಯನ್ನೇ ಮುಚ್ಚಿತು. ಮರುಮಾರಾಟದ ಅನುಮಾನವಂತೆ. ಪಾಪ, ಆಕೆಗೂ ಊಟದ ಸಾಮಾನಿಲ್ಲ. ಬರ್ನಿಯೇ ಕೊಂಡು ಕೊಡಬೇಕಾಯಿತು. ಅಣ್ಣನ ಕಾರೂ ಕೆಟ್ಟು ಕೂತಿತ್ತು, ನಮ್ಮ ಸಾಲಿಗೆಲ್ಲ ಹೊತ್ತು ತರುವುದು ಅವಳೊಬ್ಬಳಿಂದ ಆಗದು.

ಮತ್ತೆ ಕ್ಲೆಗ್‌ನ ಅಂಗಡಿ. ಮತ್ತೆ ಡಬ್ಬಿಯ ಸೂಪು.

"ಬೇಡ ವಿಲ್ಫ್, ಬರೀ ಬ್ರೆಡ್ಡು ತಿನ್ನು."

"ಎಷ್ಟು ದಿನ ಒಣ ಬ್ರೆಡ್ಡು ತಿನ್ನಲಿ ನೊರೀನ್? ಬ್ರೆಡ್ಡು ಎಸೆಯೋಕೆ ನಾನೇನು ಕೆರೆಯ ಬಾತುಕೋಳಿಯಾ?"

ಅವಳು ಕೆಲಸಕ್ಕೆ ಬಂದಾಗ ಅವನು ಡಬ್ಬಿ ಬಿಸಿ ಮಾಡಿಕೊಂಡು ತಿಂದ. ಅದೇ ವಾರ ಶ್ವಾಸಕೋಶದಲ್ಲಿ ನೀರು ತುಂಬಿ, ಉಸಿರು ಸಿಗದೆ ತುಟಿ ನೀಲಿಯಾಯಿತು. ಆಂಬುಲೆನ್ಸು ಬಂತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೊರೀನಳಿಗೇ ಬೈದಳು. ಹೆಂಡತಿಯಾಗಿ ಇಷ್ಟೂ ನೋಡಿಕೊಳ್ಳಬಾರದೇ ಅಂತ. ಕೊನೆಗೆ ದನಿ ತಗ್ಗಿಸಿ ಹೇಳಿದಳು: "ಹೊರಗೆ ಹೋಗೋಕೆ ಕಷ್ಟ ಆದ್ರೆ ಆನ್‌ಲೈನಲ್ಲಿ ತರಿಸ್ಕೊಳ್ಳಿ ಅಮ್ಮ. ಈಗೆಲ್ಲ ಎಷ್ಟು ಸುಲಭ."

ನೊರೀನ್ ಅಳಲಿಲ್ಲ. ಅವಳ ಪಕ್ಕ ನಿಂತಿದ್ದ ನನಗೆ ಅಳು ಬಂತು.

ಮಾರನೆಯ ದಿನ, ವಿಲ್ಫ್ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ, ಅವಳು ಕೆಲಸಕ್ಕೆ ಬಂದಳು. ರಜೆ ಕೇಳಿದರೆ ಸಂಬಳವಿಲ್ಲ. ಹಣ್ಣಿನ ಸಾಲಿನಲ್ಲಿ ನನ್ನ ಮುಂದೆಯೇ ಇದ್ದಳು. ಇದ್ದಕ್ಕಿದ್ದಂತೆ ನಿಂತಳು. ಯಂತ್ರ ನೋಡಿದಳು. ನಾನೂ ಇಣುಕಿದೆ. ಉಪ್ಪಿಲ್ಲದ ಸಾರಿನ ಪೊಟ್ಟಣ, ಸೇಬು, ಮೊಟ್ಟೆ. ವಿಳಾಸ ಆಸ್ಕ್ಯೂ ಅಜ್ಜಿಯ ಎದುರು ಮನೆ. ಯಂತ್ರ ಗುಂಯ್ ಅಂದಿತು. ಅವಳು ಕದಲಲಿಲ್ಲ. ಮತ್ತೆ ಗುಂಯ್ ಅಂದಿತು. ಕ್ರಿಸ್ಪಿನ್ ಓಡಿ ಬಂದ.

"ಏನಾಯ್ತು? ಆರಾಮಿಲ್ವಾ?"

"ಆರಾಮಾಗಿದೀನಿ. ಈ ಪೆಟ್ಟಿಗೆ ನಮ್ಮ ಮನೆಗೂ ಒಂದು ಬರಲಿ. ಬಿಟ್ಟಿ ಬೇಡ. ಕಾಸು ಕೊಟ್ಟೇ ತಗೋತೀನಿ."

"ಅದನ್ನ ಆಗಲೇ ಹೇಳಿದ್ನಲ್ಲ. ನೀವು ನಮ್ಮ ಗಿರಾಕಿ ಅಲ್ಲ."

"ಗಿರಾಕಿ ಆಗೋಕೆ ಲಾಯಕ್ಕಿಲ್ಲದೋಳ ಕೈ ಮುಟ್ಟಿದ ಸೇಬು ಅವರಿಗೆ ಯಾಕಪ್ಪ?"

ಹಾಗಂದು ಯಂತ್ರ ಬಿಚ್ಚಿ ಸೇಬಿನ ರಾಶಿಯ ಮೇಲಿಟ್ಟಳು. ಕುಂಟುತ್ತಾ ಬಾಗಿಲ ಕಡೆ ನಡೆದಳು.

ನನಗೆ ಮನೆ ಬಾಡಿಗೆ ನೆನಪಾಯಿತು. ಆದರೂ ಕೈ ತಾನೇ ಯಂತ್ರದ ಪಟ್ಟಿ ಬಿಚ್ಚಿತು. ನನ್ನ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮೀನಿನ ಸಾಲಿನವರು. ಹೊರಗೆ ನೋಡಿದರೆ ಡ್ರೈವರುಗಳು ವ್ಯಾನಿನ ಬೀಗದಕೈ ಜೇಬಿಗೆ ಹಾಕಿಕೊಂಡು ನಿಂತಿದ್ದರು. ಸುದ್ದಿ ನಮಗಿಂತ ಮುಂಚೆ ಗೇಟು ಮುಟ್ಟಿತ್ತು. ಬರ್ನಿ ಕಾಲೊನಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಬಂದಳು. ಮಕ್ಕಳ ತಳ್ಳುಗಾಡಿಗಳನ್ನು ಗೇಟಿಗೆ ಅಡ್ಡ ನಿಲ್ಲಿಸಿದರು.

ಕಂಪನಿ ಸುಮ್ಮನಿರಲಿಲ್ಲ. ನಮ್ಮ ಹೆಸರುಗಳನ್ನೆಲ್ಲ ಕೆಲಸದ ಪಟ್ಟಿಯಿಂದ ಹೊಡೆದು ಹಾಕಿತು. ಮರುದಿನ ಬೆಳಿಗ್ಗೆ ಬೇರೆ ಊರಿನಿಂದ ಒಂದು ಬಸ್ಸಿನ ತುಂಬ ಕೆಲಸದವರನ್ನು ತರಿಸಿತು. ಪೊಲೀಸರು ಬಂದು ತಳ್ಳುಗಾಡಿಗಳನ್ನು ಪಕ್ಕಕ್ಕೆ ಸರಿಸಿದರು. ಬಸ್ಸು ಗೇಟಿನೊಳಗೆ ತಿರುಗುವಾಗ ನೊರೀನ್ ಅದರ ಮುಂದೆ ಹೋಗಿ ನಿಂತಳು. ಪೊಲೀಸಿನವನು ತೋಳು ಹಿಡಿದ.

"ಸರಿ ಕಣಮ್ಮ, ಸಾಕು, ನಡಿ."

"ಮಂಡಿ ಬಗ್ಗಲ್ಲ ಕಣಪ್ಪ. ಎತ್ಕೊಂಡೇ ಹೋಗ್ಬೇಕು ನೀನು."

ಅವನು ಎತ್ತಬೇಕೋ ಬೇಡವೋ ಅಂತ ನಿಂತ. ಬಸ್ಸಿನ ಕಿಟಕಿಯೊಂದು ತೆರೆಯಿತು. ತಲೆಗೆ ವಸ್ತ್ರ ಕಟ್ಟಿದ್ದ ನಡುವಯಸ್ಸಿನ ಹೆಂಗಸೊಬ್ಬಳು ತಲೆ ಹೊರಹಾಕಿದಳು.

"ಅಕ್ಕಾ, ಜಗಳ ಯಾತಕ್ಕೆ? ಸಂಬಳ ಜಾಸ್ತಿ ಕೇಳಿದ್ರಾ?"

"ಇಲ್ಲ" ಅಂದಳು ನೊರೀನ್. "ಅಡುಗೆ ಸಾಮಾನು ಕೇಳ್ದೆ. ನನ್ನ ಗಂಡನಿಗೆ. ನಮ್ಮ ಕಾಲೊನಿಗೆ ಇವರು ತಂದುಕೊಡಲ್ವಂತೆ."

"ಅಷ್ಟೇನಾ?"

"ಅಷ್ಟೇ."

ಆ ಹೆಂಗಸು ನಮ್ಮ ಮನೆಗಳ ಕಡೆ ನೋಡಿದಳು. ಆಮೇಲೆ ಒಳಗೆ ತಿರುಗಿ ಏನೋ ಅಂದಳು. ಬಸ್ಸಿನೊಳಗೆ ಗುಜುಗುಜು ಎದ್ದಿತು. ಕ್ರಿಸ್ಪಿನ್ ಗೇಟಿನಿಂದ ಕೂಗಿದ: "ಹೊತ್ತಾಗ್ತಿದೆ, ಒಳಗೆ ತಗೊಳ್ಳಿ ಬಸ್ಸು!"

ಬಸ್ಸಿನ ಡ್ರೈವರ್ ಎಂಜಿನ್ ಆರಿಸಿದ.

ಬಾಗಿಲು ತೆರೆಯಿತು. ಆ ಹೆಂಗಸು ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ಇಳಿದಳು. ನೊರೀನಳ ಪಕ್ಕ ಬಂದು ನಿಂತು, ಪೊಲೀಸಿನವನ ಕೈಯನ್ನು ಅವಳ ತೋಳಿನಿಂದ ಮೆಲ್ಲಗೆ ಬಿಡಿಸಿದಳು.

"ನಮ್ಮ ಬೀದಿಗೂ ಬರಲ್ಲ ಕಣಕ್ಕ" ಅಂದಳು.

ಅವಳ ಹಿಂದೆ ಇನ್ನೂ ಜನ ಇಳಿಯುತ್ತಿದ್ದರು.