ಹನ್ನೆರಡು ದಿನ, ಏಳು ಊರು

ಬಸ್ ಡಿಪೋದಲ್ಲಿ ಎಲ್ಲರೂ ಅವನನ್ನು ಗುಮ್ಮಣ್ಣ ಅಂತಲೇ ಕರೆಯುತ್ತಿದ್ದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಸ್ಟಾಪಿನಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಎಂದು ವೇಳಾಪಟ್ಟಿ ಬರೆಯುವುದು ಅವನ ಕೆಲಸ. ಆ ಕೆಲಸಕ್ಕೆ ಬಾಯಿ ಬೇಕಿಲ್ಲ, ಪೆನ್ಸಿಲ್ಲು ಸಾಕು. ಹದಿನಾರು ವರ್ಷದಲ್ಲಿ ಅವನಾಡಿದ ಮಾತನ್ನೆಲ್ಲ ಕೂಡಿಸಿದರೂ ಒಂದು ಪೋಸ್ಟ್ ಕಾರ್ಡ್ ತುಂಬುವುದಿಲ್ಲ ಎಂದು ಮೆಕ್ಯಾನಿಕ್ಕುಗಳು ಆಡಿಕೊಳ್ಳುತ್ತಿದ್ದರು. ಅವರೂ ಸ್ವಲ್ಪ ಉತ್ಪ್ರೇಕ್ಷೆಯ ಜನ. ಕಾರ್ಡ್ ತುಂಬುತ್ತಿತ್ತು, ವಿಳಾಸದ ಜಾಗ ಬಿಟ್ಟು.

ಇಂಥವನಿಗೆ ನಲವತ್ತನೇ ವಯಸ್ಸಿನಲ್ಲಿ ಮದುವೆ ಗೊತ್ತಾಯಿತು. ಹುಡುಗಿ ದೊಡ್ಡಾಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ಮೂವತ್ತೇಳಾಗಿತ್ತು, ಆದರೂ ಮದುವೆ ಆಗುವ ತನಕ ಹುಡುಗಿ ಹುಡುಗಿಯೇ. ಅವನ ಅಕ್ಕ ಇಬ್ಬರನ್ನೂ ಒಂದು ಕಾಫಿ ಅಂಗಡಿಯಲ್ಲಿ ಎದುರುಬದುರು ಕೂರಿಸಿ, ಏನೋ ಕೆಲಸ ಇದೆ ಎಂದು ಎದ್ದು ಹೋಗಿದ್ದಳು. ಮುಕ್ಕಾಲು ಗಂಟೆಯಲ್ಲಿ ಅವನು ಆಡಿದ್ದು ಎರಡೇ ಮಾತು. "ಫ್ಯಾನ್ ಜೋರು ಮಾಡ್ಸಲಾ?" ಅಂದ. ಕೊನೆಗೆ "ಬರ್ತೀನಿ" ಅಂದ. ಮಾರನೇ ದಿನ ಆ ಕಡೆಯಿಂದ ಒಪ್ಪಿಗೆ ಬಂದಾಗ ಅಕ್ಕ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

"ನೋಡಪ್ಪಾ," ಅಂದಳು ಆಮೇಲೆ ತಮ್ಮನನ್ನು ಕೂರಿಸಿಕೊಂಡು, "ಹೋದ ಸಲದ ಹುಡುಗಿ ಏನಂದ್ಲು ನೆನಪಿದೆ ತಾನೆ? ಗೋಡೆ ಜೊತೆ ಸಂಸಾರ ಮಾಡಕ್ಕಾಗಲ್ಲ ಅಂದ್ಲು. ಇವಳೂ ಹಾಗನ್ನೋ ಮುಂಚೆ ನಾಲ್ಕು ಮಾತಾಡೋದು ಕಲಿ."

ನೆನಪಿಲ್ಲದೆ ಏನು? ಆ ಮಾತು ಮೂರು ವರ್ಷದಿಂದ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಈ ಹುಡುಗಿ ಅವನಿಗೆ ತುಂಬಾ ಹಿಡಿಸಿದ್ದಳು. ಇವಳೂ ಕೈತಪ್ಪಿದರೆ ಇನ್ನೊಮ್ಮೆ ಯಾರ ಎದುರಿಗೂ ಹೋಗಿ ಕೂರುವ ಧೈರ್ಯ ಅವನಿಗಿರಲಿಲ್ಲ.

ಅವಳು ಕೇಳಿದ್ದು ಒಂದೇ. "ಮದುವೆ ಆದ್ಮೇಲೆ ಎಲ್ಲಾದ್ರೂ ಹೊರದೇಶಕ್ಕೆ ಹೋಗ್ಬರೋಣ, ಆರಾಮಾಗಿ." ಸರಿ ಎಂದು ತಲೆಯಾಡಿಸಿ ಬಂದವನು ಆಮೇಲೆ ಸಿಗುವ ರಜೆಯ ಲೆಕ್ಕ ಹಾಕಿದ. ಹನ್ನೆರಡು ದಿನ. ಒಂದೇ ರೂಮು. ಇಬ್ಬರೇ. ಅಷ್ಟು ದಿನ ಮಾತಾಡುವುದು ಏನನ್ನು?

ವೇಳಾಪಟ್ಟಿಯ ತಲೆ ವೇಳಾಪಟ್ಟಿಯ ಹಾಗೇ ಓಡಿತು. ನಿಲ್ಲಲು ಊರಿದ್ದರೆ ನೋಡಲು ಏನಾದರೂ ಇರುತ್ತದೆ, ನೋಡಲು ಇದ್ದರೆ ಆಡಲು ಮಾತಿರುತ್ತದೆ. ಡಿಪೋದಿಂದ ದೊಡ್ಡ ಚಾರ್ಟ್ ಹಾಳೆ ತಂದು ಗೆರೆ ಹೊಡೆದ. ಮೊದಲು ಮೂರು ಊರು ಹಾಕಿದ: ಸರೋವರದ ಊರು, ಹಳೇ ಸೇತುವೆಯ ಊರು, ಒಂದು ದ್ವೀಪ. ಪ್ರತಿ ಊರಿನ ಬಗ್ಗೆ ಲೈಬ್ರರಿಯಿಂದ ಪುಸ್ತಕ ತಂದು, ಸರೋವರ ಎಷ್ಟು ಆಳ, ಸೇತುವೆಗೆ ಎಷ್ಟು ಕಮಾನು ಎಂದು ಜೇಬಿನ ಡೈರಿಗೆ ಇಳಿಸಿಕೊಂಡ. ಶನಿವಾರ ನಾಲ್ಕಕ್ಕೆ ಅದೇ ಕಾಫಿ ಅಂಗಡಿಯಲ್ಲಿ ಕೂತು ಪಾಠ ಒಪ್ಪಿಸಿದ. ಅವಳು ನಕ್ಕಳು. ಪಾಸಾದೆ ಅಂದುಕೊಂಡ.

ಎರಡನೇ ಶನಿವಾರ ಊರು ಐದಾಗಿದ್ದವು. ಅವಳು "ಓ, ಹೌದಾ" ಅಂದಳು. ಮೂರನೇ ಶನಿವಾರ ಏನೂ ಅನ್ನದೆ ಕಾಫಿಯಲ್ಲಿ ಚಮಚ ತಿರುಗಿಸುತ್ತಾ ಕೂತಳು. ಬೇಜಾರು ಹಿಡಿಸುತ್ತಿದ್ದೇನೆ ಎಂದು ಹೆದರಿ ಅವನು ಇನ್ನೂ ಎರಡು ಊರು ಸೇರಿಸಿದ, ಬೆಟ್ಟ ಹತ್ತುವ ರೈಲಿನ ಹಲ್ಲುಗಾಲಿಯನ್ನು ಕೈಸನ್ನೆ ಮಾಡಿ ವಿವರಿಸಿದ. ಬಾಯಾರಿದವರಿಗೆ ಉಪ್ಪು ಬಡಿಸುತ್ತಿದ್ದೀಯ ಎಂದು ಪಾಪ ಅವನಿಗೆ ಹೇಳುವವರು ಯಾರು? ಅಕ್ಕನಂತೂ ತಮ್ಮನಿಗೆ ಬಾಯಿ ಬಂತು ಎಂದು ಹಿಗ್ಗಿಹೋಗಿದ್ದಳು.

ನಾಲ್ಕನೇ ಶನಿವಾರ ಬೆಳಿಗ್ಗೆ ಅವಳ ಫೋನ್ ಬಂತು. "ಇವತ್ತು ಕಾಫಿ ಅಂಗಡಿ ಬೇಡ. ಡ್ಯೂಟಿ ಮುಗಿಯೋ ಹೊತ್ತಿಗೆ ಆಸ್ಪತ್ರೆಗೇ ಬನ್ನಿ. ಸ್ವಲ್ಪ ಮಾತಾಡ್ಬೇಕು."

ಹೋದ ಸಲದ್ದೂ ಹೀಗೆಯೇ, "ಸ್ವಲ್ಪ ಮಾತಾಡ್ಬೇಕು" ಎಂದೇ ಮುರಿದದ್ದು.

ಚಾರ್ಟನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅರ್ಧ ಗಂಟೆ ಮೊದಲೇ ಹೋಗಿ, ಕೌಂಟರಿನ ಎದುರು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತ. ಅವಳು ಅವನನ್ನು ನೋಡಲಿಲ್ಲ. ನೋಡಲು ಪುರಸೊತ್ತಿದ್ದರೆ ತಾನೆ? ಎಕ್ಸ್‌ರೇ ಎಲ್ಲಿ, ಮೂಳೆ ಡಾಕ್ಟರು ಬಂದ್ರಾ, ನಮ್ಮ ತಾತನ್ನ ಯಾವ ವಾರ್ಡಿಗೆ ಹಾಕಿದ್ದೀರಿ, ಲಿಫ್ಟ್ ಯಾಕೆ ಕೆಟ್ಟಿದೆ. ಒಬ್ಬರಿಗೆ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಅದನ್ನೇ ಕೇಳುತ್ತಿದ್ದರು. ಪ್ರತಿಯೊಬ್ಬರಿಗೂ ಮೊದಲ ಸಲ ಹೇಳುವ ಹಾಗೇ ಹೇಳುತ್ತಿದ್ದಳು. ನಡುವೆ ಒಂದು ಗಳಿಗೆ ಕಿಟಕಿ ಖಾಲಿಯಾದಾಗ ಕಣ್ಣು ಮುಚ್ಚಿ ಎರಡು ಬೆರಳಲ್ಲಿ ಹಣೆ ಒತ್ತಿಕೊಂಡಳು. ಅವನು ಅವಳ ಮುಖವನ್ನು ಹಾಗೆ ನೋಡಿದ್ದು ಅದೇ ಮೊದಲು.

ಡ್ಯೂಟಿ ಮುಗಿಸಿ ಬಂದವಳು ಅವನನ್ನು ಆಸ್ಪತ್ರೆಯ ಹಿಂಭಾಗಕ್ಕೆ, ಒಗೆದ ಹಾಸಿಗೆ ಬಟ್ಟೆ ಒಣಹಾಕುವ ಅಂಗಳಕ್ಕೆ ಕರೆದುಕೊಂಡು ಹೋದಳು. ಅಲ್ಲೊಂದು ಕಲ್ಲುಬೆಂಚು. ಕೂತರು.

"ಒಂದು ನಿಜ ಹೇಳಿ," ಅಂದಳು. "ಮೊದಲ ದಿನ ಬಂದಿದ್ರಲ್ಲ, ಅವರು ನೀವಾ? ಇಲ್ಲ, ಈ ಒಂದು ತಿಂಗಳಿಂದ ಬರ್ತಿದಾರಲ್ಲ, ಇವರಾ?"

ಅವನಿಗೆ ಅರ್ಥವಾಗಲಿಲ್ಲ.

"ಇವರೇ ಆದ್ರೆ ಈ ಮದುವೆ ನನ್ನ ಕೈಲಾಗಲ್ಲ ರೀ. ಸಿಟ್ಟು ಮಾಡ್ಕೋಬೇಡಿ. ಅವತ್ತು ಮನೆಗೆ ಹೋಗಿ ಅಮ್ಮನಿಗೆ ಏನಂದೆ ಗೊತ್ತಾ? ಆ ಮನುಷ್ಯರ ಎದುರಿಗೆ ಮುಕ್ಕಾಲು ಗಂಟೆ ಕೂತೆ, ತಲೆನೋವು ಇಳಿದುಹೋಯ್ತಮ್ಮ ಅಂದೆ. ಅದಕ್ಕೇ ಒಪ್ಪಿದ್ದು. ಈಗ ನೋಡಿದ್ರೆ ನಿಮ್ಮ ಸರೋವರ, ನಿಮ್ಮ ಸೇತುವೆ, ನಿಮ್ಮ ಹಲ್ಲುಗಾಲಿ. ಆರಾಮಾಗಿ ಅಂದಿದ್ದೆ ನಾನು."

ಡೈರಿಯಲ್ಲಿ ಇದಕ್ಕೆ ಉತ್ತರ ಬರೆದುಕೊಂಡಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಮುಂಚೆ ಒಬ್ರು ನನ್ನನ್ನ ಗೋಡೆ ಅಂದ್ರು. ನೀವೂ ಹಾಗಂದ್ಬಿಟ್ರೆ ಅಂತ."

ಗಾಳಿಗೆ ಬಿಳಿ ಬಟ್ಟೆಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು.

"ದಿನಾ ಎಂಟು ಗಂಟೆ ಪ್ರಶ್ನೆ ಕೇಳಿಸ್ಕೊಳ್ಳೋಳು ನಾನು," ಅಂದಳು. "ಸಂಜೆ ಒರಗಿಕೊಳ್ಳೋಕೆ ಒಂದು ಗೋಡೆ ಸಿಕ್ಕಿದ್ರೆ ಇನ್ನೇನು ಬೇಕ್ರೀ?"

ಅವನು ಚಾರ್ಟ್ ಬಿಚ್ಚಿ ಅವಳ ಮುಂದೆ ಹಿಡಿದ. ಅವಳು ಅವನ ಜೇಬಿನಿಂದ ಪೆನ್ಸಿಲ್ಲು ತೆಗೆದುಕೊಂಡು ನಾಲ್ಕು ಊರು ಹೊಡೆದುಹಾಕಿದಳು. ಉಳಿದ ಮೂರಕ್ಕೂ ನಾಲ್ಕು ನಾಲ್ಕು ದಿನ ಬರೆದು, ಒಳಗಿನ ಗಂಟೆ ನಿಮಿಷದ ಮನೆಗಳನ್ನೆಲ್ಲ ಖಾಲಿ ಬಿಟ್ಟಳು. ಅಷ್ಟೊಂದು ಖಾಲಿ ಮನೆ ನೋಡಿ ಅವನ ಕೈ ಒಮ್ಮೆ ತುರಿಸಿತು, ಸುಮ್ಮನಾದ.

ಮಾತು ಮುಗಿಯಿತು. ಇಬ್ಬರೂ ಕೂತೇ ಇದ್ದರು. ಅವನ ಹಳೆಯ ಭಯ ಮತ್ತೆ ತಲೆಯೆತ್ತಿತು: ಏನಾದರೂ ಅನ್ನಬೇಕು, ಏನಾದರೂ ಅನ್ನಬೇಕು. ಸರೋವರದ ಆಳ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡ. ಕೆಲಸದವಳೊಬ್ಬಳು ಬಂದು ಒಣಗಿದ ಬಟ್ಟೆಗಳನ್ನು ತೆಗೆದು, ಮಡಿಚಿ, ಬುಟ್ಟಿ ತುಂಬಿಕೊಂಡು ಹೋದಳು. ಅಷ್ಟು ಹೊತ್ತು ಅವನು ತುಟಿ ಪಿಟಕ್ಕೆನ್ನಲಿಲ್ಲ.

"ಇದನ್ನ ಯಾರಿಗೂ ಹೇಳಿಲ್ಲ," ಅಂದಳು ಅವಳು, ಯಾರೂ ಕೇಳದೆಯೇ. "ಹೊರದೇಶ ಅಂತ ಏನೋ ಆಸೆಗೆ ಕೇಳ್ಬಿಟ್ಟೆ. ನನಗೆ ವಿಮಾನ ಹತ್ತೋಕೆ ಭಯ."

ಅವನು ಅವಳ ಕಡೆ ತಿರುಗಿದ.

"ನನಗೂ," ಅಂದ.

ಅವಳು ಅವನ ಕೈ ಹಿಡಿದುಕೊಂಡಳು. ಇಬ್ಬರ ಅಂಗೈಯೂ ಬೆವರಿತ್ತು.