ಖರನಾ ಪಾಯಸಕ್ಕೆ ಸುಟ್ಟ ಸಕ್ಕರೆ

ಆರಾ ಊರಿನ ನಮ್ಮ ಓಣಿಯಲ್ಲಿ ಸೂರ್ಯದೇವರ ಛಠ್ ವ್ರತ ಹಿಡಿದ ಹೆಂಗಸರು ನಾಲ್ಕು ಮಂದಿ. ಅವರಲ್ಲಿ ಮೂತ್ರಪಿಂಡ ಕೈಕೊಟ್ಟಿರುವುದು ನನ್ನ ಅತ್ತೆ ಇಂದ್ರಾಸನಾ ದೇವಿಯವರಿಗೆ ಮಾತ್ರ. ವಾರಕ್ಕೆ ಮೂರು ಸಲ ಡಯಾಲಿಸಿಸ್, ದಿನಕ್ಕೆ ಮುಕ್ಕಾಲು ಲೀಟರ್ ನೀರು. ನಲವತ್ತೊಂದು ವರ್ಷದ ವ್ರತವನ್ನು ಮಾತ್ರ ಅವರು ಬಿಟ್ಟಿಲ್ಲ. ಬಿಡುವ ಹಾಗೂ ಇಲ್ಲ. ಒಮ್ಮೆ ಹೊತ್ತ ಛಠ್ ವ್ರತವನ್ನು ಕೆಳಗಿಡಬೇಕೆಂದರೆ ಮನೆಯ ಇನ್ನೊಬ್ಬ ಹೆಂಗಸು ಅದನ್ನು ಹೊರಬೇಕು. ನಮ್ಮ ಮನೆಯಲ್ಲಿ ಆ ಇನ್ನೊಬ್ಬ ಹೆಂಗಸು ನಾನು.

ನನಗೆ ಅದು ಬೇಡವಾಗಿತ್ತು, ಮೊದಲೇ ಹೇಳಿಬಿಡುತ್ತೇನೆ. ಮೂವತ್ತಾರು ಗಂಟೆ ಹನಿ ನೀರಿಲ್ಲದೆ ಇದ್ದು, ಚಳಿಯಲ್ಲಿ ಸೊಂಟದವರೆಗೆ ಗಂಗೆಯಲ್ಲಿ ನಿಲ್ಲುವುದು ಒಂದು ವರ್ಷಕ್ಕಾದರೆ ಹಲ್ಲು ಕಚ್ಚಿ ಮಾಡಬಹುದು. ಸಾಯುವವರೆಗೂ ಎಂದರೆ ಯಾರಿಗೆ ಬೇಕು? ಮುಂದೆ ಸೊಸೆಯ ತಲೆಗೆ ಕಟ್ಟೋಣವೆಂದರೆ ನನಗಿರುವುದು ಜೂಹಿ ಎಂಬ ಒಬ್ಬಳೇ ಮಗಳು. ಮದುವೆಯಾಗಿ ಹದಿನಾಲ್ಕು ವರ್ಷ, ಅತ್ತೆ ಒಂದು ದಿನವೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಖರನಾ ದಿನ, ಅಂದರೆ ವ್ರತದ ಎರಡನೆಯ ಸಂಜೆ, ಆ ಮೂವತ್ತಾರು ಗಂಟೆಗೆ ಮೊದಲಿನ ಕಡೆಯ ಊಟಕ್ಕೆ, ಅತ್ತೆ ಬಟ್ಟಲು ತುಂಬ ಬೆಲ್ಲದ ಪಾಯಸ ಉಂಡು ಎರಡು ಬಾಳೆಹಣ್ಣು ತಿಂದರು. ಬೆಳಗಾಗುವಷ್ಟರಲ್ಲಿ ಎದೆ ಬಡಿತ ತಾಳ ತಪ್ಪಿತ್ತು. ರಕ್ತದಲ್ಲಿ ಪೊಟ್ಯಾಶಿಯಂ ಏರಿದೆ, ಅರ್ಧ ಗಂಟೆ ತಡವಾಗಿದ್ದರೆ ಹೆಣ ಒಯ್ಯುತ್ತಿದ್ದಿರಿ ಎಂದು ಡಾಕ್ಟರು ಬೈದರು. ಅತ್ತೆ ಆಸ್ಪತ್ರೆಯ ಮಂಚದ ಮೇಲಿಂದಲೇ ಸೂರ್ಯನಿಗೆ ಕೈ ಮುಗಿದರು. ಈ ವರ್ಷ ಉಪವಾಸದ ಮಾತೇ ಬೇಡ ಎಂದು ಡಾಕ್ಟರು ಹೇಳಿದ್ದನ್ನು ನನ್ನ ಗಂಡ ಕೇಳಿಸಿಕೊಂಡು ಬಂದು, "ಅಮ್ಮಂಗೆ ನೀನೇ ಹೇಳು" ಎಂದು ಅಂಗಡಿಗೆ ಹೋದರು. ಧೈರ್ಯವೆಲ್ಲ ಗಿರಾಕಿಗಳ ಮುಂದೆ ಮಾತ್ರ.

ನಾನು ಹಿಡಿದದ್ದು ಅಡುಗೆಮನೆಯ ದಾರಿ. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿಯ ಮುಂದೆ ಕೂತು ಎಲ್ಲವನ್ನೂ ಬರೆದುಕೊಂಡೆ. ಕೊಬ್ಬರಿ ಬೇಡ, ಗೋಡಂಬಿ ಬೇಡ, ಬೇಳೆ ಅಳತೆಯಲ್ಲಿ. ಪೊಟ್ಯಾಶಿಯಂ ತುಂಬಿದ ಬೆಲ್ಲ ಬೇಡವೇ ಬೇಡ, ಅತ್ತೆಗೆ ಸಕ್ಕರೆ ಕಾಯಿಲೆ ಇಲ್ಲದ್ದರಿಂದ ಸಕ್ಕರೆ ನಡೆಯುತ್ತದೆ. ಇದನ್ನು ಓಣಿಗೆ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಎದುರು ಮನೆಯ ಶಾರದಾ ಚಾಚಿಯಂತೂ, "ಸಕ್ಕರೆ ವಿಷ ಕಣೇ, ಬೆಲ್ಲದಿಂದ ಮೈಗೆ ರಕ್ತ ತುಂಬುತ್ತೆ" ಎಂದು ತಿಂಗಳಿಗೊಂದು ಉಂಡೆ ಬೆಲ್ಲ ತಂದುಕೊಡುತ್ತಿದ್ದರು. ಅದನ್ನು ಅವರ ಕಣ್ಣೆದುರೇ ಡಬ್ಬಿಗೆ ಹಾಕಿ, ಅವರು ಹೋದ ಮೇಲೆ ಕೆಲಸದವಳಿಗೆ ಕೊಡುತ್ತಿದ್ದೆ.

ದೀಪಾವಳಿಗೆ ಅತ್ತೆಗೆಂದು ಮೈದಾ, ಸಕ್ಕರೆ, ಸೋಂಪು ಹಾಕಿ ಠೇಕುವಾ ಸಿಹಿ ಬಿಲ್ಲೆ ಕರಿದೆ. ಶಂಕರಪೋಳಿಯಂಥ ನಿಮ್ಕಿಗೆ ಉಪ್ಪು ಬಿಟ್ಟು ಓಮ, ಕಾಳುಮೆಣಸು ಜಾಸ್ತಿ ಹಾಕಿದೆ. ಸೋರೆಕಾಯಿಯನ್ನು ಸಣ್ಣಗೆ ಹೆಚ್ಚಿ ಬೇಯಿಸಿ, ಪೊಟ್ಯಾಶಿಯಂ ಇಳಿಯಲೆಂದು ನೀರು ಬಸಿದು ಪಲ್ಯ ಮಾಡಿದೆ.

"ರುಚಿನೆಲ್ಲ ಮೋರಿಗೆ ಸುರಿದು, ಸಿಪ್ಪೆ ನನಗೆ ಬಡಿಸ್ತೀಯಲ್ಲ ದುಲ್ಹಿನ್" ಎಂದರು ಅತ್ತೆ. ಸೊಸೆಯನ್ನು ಇಲ್ಲಿ ದುಲ್ಹಿನ್ ಎಂದೇ ಕರೆಯುವುದು. ನಿಮ್ಕಿ ಮಾತ್ರ ನಾಲ್ಕು ತಿಂದರು.

"ಹಾಗಾದ್ರೆ ಛಠ್‌ಗೂ ಹೀಗೇ ಮಾಡ್ಲಾ ಅಮ್ಮಾಜಿ?" ಎಂದು ಸಮಯ ನೋಡಿ ಕೇಳಿದೆ.

"ಇದು ನನ್ನ ಹೊಟ್ಟೆದು, ಹೇಗಾದ್ರೂ ಮಾಡು. ಅದು ದೇವಿ ಛಠೀ ಮೈಯಾದು. ಅವಳಿಗೇನು ಕಿಡ್ನಿ ಕೆಟ್ಟಿದೆಯಾ?"

ಅಲ್ಲಿಗೆ ಮಾತು ಮುಗಿಯಿತು.

ಖರನಾ ದಿನ ಅತ್ತೆಗೆ ಒಲೆಯ ಮುಂದೆ ಕೂರಲು ಶಕ್ತಿ ಇರಲಿಲ್ಲ. ಮಿಂದು, ಬೆಳಗಿನಿಂದ ಬಾಯಿಗೆ ನೀರೂ ಹಾಕದೆ, ಮಾವಿನ ಸೌದೆಯ ಹೊಸ ಒಲೆಯಲ್ಲಿ ನಾನೇ ಪ್ರಸಾದಕ್ಕಿಟ್ಟೆ. ಪ್ರಸಾದದ ರುಚಿ ನೋಡುವಂತಿಲ್ಲ, ನೈವೇದ್ಯಕ್ಕೆ ಮೊದಲು ಯಾರ ನಾಲಿಗೆಗೂ ಸೋಕುವಂತಿಲ್ಲ. ನನ್ನ ಧೈರ್ಯಕ್ಕೆ ಅದೇ ಆಧಾರವಾಯಿತು. ತಂದಿಟ್ಟ ಬೆಲ್ಲವನ್ನು ಸೆರಗಿನಲ್ಲಿ ಮುಚ್ಚಿ ಒಳಗಿಟ್ಟೆ. ಸಕ್ಕರೆಯನ್ನು ಕಬ್ಬಿಣದ ಸೌಟಿನಲ್ಲಿ ಕಂದಾಗುವವರೆಗೆ ಸುಟ್ಟು ಅನ್ನಕ್ಕೆ ಸುರಿದೆ. ಹಾಲನ್ನು ಬಣ್ಣಕ್ಕಷ್ಟೇ ಹಾಕಿದೆ. ನೋಡಲು ಥೇಟ್ ಬೆಲ್ಲದ ಪಾಯಸವೇ. ದೇವರಿಗೆ ಮೋಸ ಮಾಡುತ್ತಿದ್ದೇನೆ ಎಂದು ಸೌಟು ಕೆಳಗಿಟ್ಟೆ, ಅತ್ತೆಯ ಎದೆಬಡಿತ ನೆನಪಾಗಿ ಮತ್ತೆ ಎತ್ತಿಕೊಂಡು ತಿರುಗಿಸಿದೆ.

ಹೊತ್ತು ಮುಳುಗಿತು. ಪೂಜೆ ಮುಗಿಸಿದ ಅತ್ತೆ ಒಳಕೋಣೆಯಲ್ಲಿ ಎಲೆಯ ಮುಂದೆ ಕೂತರು, ನಾನು ಬಾಗಿಲು ಹಾಕಿಕೊಂಡು ಬಂದೆ. ವ್ರತದವಳು ಉಣ್ಣುವಾಗ ಮನೆ ಉಸಿರು ಬಿಗಿಹಿಡಿದಿರಬೇಕು. ಯಾರ ದನಿಯಾದರೂ ಕಿವಿಗೆ ಬಿದ್ದರೆ ಅವಳು ಅಲ್ಲಿಗೇ ಕೈ ತೊಳೆಯಬೇಕು. ನನ್ನ ಗಂಡ ಫ್ಯಾನು ಆರಿಸಿ ಜೂಹಿಯ ಬಾಯಿಗೆ ಕೈ ಅಡ್ಡ ಇಟ್ಟು ಕೂತಿದ್ದರು.

ಎರಡು ನಿಮಿಷವಾಗಿರಲಿಲ್ಲ. "ದುಲ್ಹಿನ್, ಒಳಗೆ ಬಾ. ಬಾಗ್ಲು ಹಾಕ್ಕೋ."

ಎಲೆಯಲ್ಲಿ ಪಾಯಸ ಬಡಿಸಿದ ಹಾಗೆಯೇ ಇತ್ತು.

"ಬೆಲ್ಲ ಎಲ್ಲಿ?"

ನಾನು ಬಾಗಿಲ ಕಡೆ ತಿರುಗಿ ಚಿಲಕ ಹಾಕಿದೆ.

"ಕೆಟ್ಟಿರೋದು ಕಿಡ್ನಿ. ಮೂಗು ನೆಟ್ಟಗಿದೆ. ಬೆಲ್ಲದ ವಾಸನೆ ಯಾವುದು, ಸುಟ್ಟ ಸಕ್ಕರೆ ವಾಸನೆ ಯಾವುದು ಅಂತ ನನಗೆ ಗೊತ್ತಾಗಲ್ವಾ?"

"ನಿಮ್ಮ ಜೀವಕ್ಕೋಸ್ಕರ ಮಾಡಿದೆ ಅಮ್ಮಾಜಿ."

"ಪಾಯಸ ಬದಲಾಯಿಸ್ದೆ, ಸರಿ. ಮುಂದಿನ ಮೂವತ್ತಾರು ಗಂಟೆನ ಯಾವ ಸೌಟಲ್ಲಿ ಹಾಕಿ ಸುಡ್ತೀಯಾ?"

ಅವರು ಗೋಡೆ ಹಿಡಿದು ಎದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಸಕ್ಕರೆ ಹಾಕಿದ್ದು ಮೈಯಾಗೆ ತಪ್ಪಲ್ಲ. ಒಂದು ವರ್ಷ ಏನೇನು ಕುದಿಸ್ದೆ, ಏನೇನು ಬಸಿದೆ, ಎಲ್ಲಾ ನೋಡಿದೀನಿ. 'ಇನ್ನು ನನಗೆ ಕೊಡಿ' ಅನ್ನೋ ಒಂದು ಮಾತು ತಪ್ಪಿಸ್ಕೊಳ್ಳೋಕೆ ಎಷ್ಟು ಅಡುಗೆ ಮಾಡಿದೆ ಮಗಳೇ."

ನನಗೆ ನಾಚಿಕೆಯಾಯಿತು. ಅದು ನಿಜವಾಗಿತ್ತು.

"ನನಗೂ ಬೇಡವಾಗಿತ್ತು" ಎಂದರು ಅವರು. "ನಮ್ಮತ್ತೆ ನಾನು ಬಾಣಂತನ ಮುಗಿಸಿ ಎದ್ದ ವರ್ಷವೇ ಹೊರಿಸಿದ್ರು. ಯಾರಿಗೆ ಬೇಕಾಗಿರುತ್ತೆ? ನಿನ್ನನ್ನ ಕೇಳ್ಬಾರ್ದು ಅಂತ ಇದ್ದೆ. ಆದ್ರೆ ಹೋದ ಸಲ ಆ ಮಂಚದ ಮೇಲೆ ನನಗೆ ಸಾಯೋಕೆ ಭಯ ಆಯ್ತು ಕಣೇ. ಬೆಳಗಿಂದ ಏನೂ ಮುಟ್ಟಿಲ್ಲ ತಾನೇ ನೀನು?"

"ಇಲ್ಲ."

"ಕೂತ್ಕೋ."

ನನ್ನ ಸೆರಗನ್ನು ತಲೆಯ ಮೇಲೆ ಸರಿ ಮಾಡಿದರು. ವ್ರತದವಳಿಗೆ ಎಳೆಯುವ ಹಾಗೆ ಮೂಗಿನ ತುದಿಯಿಂದ ಬೈತಲೆಯವರೆಗೆ ಕೇಸರಿ ಸಿಂಧೂರ ಎಳೆದರು. ಅವರ ಬೆರಳು ಐಸಿನಂತೆ ತಣ್ಣಗಿತ್ತು. ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಮೊದಲ ತುತ್ತು ಬಾಯಿಗಿಟ್ಟರೆ ವ್ರತ ನನ್ನದು. ಕೈ ಎಲೆಯ ಮೇಲೆ ಇಟ್ಟುಕೊಂಡು ಕೂತೆ. ಯಾರಾದರೂ ಕರೆಯಲಿ ಎಂದು ಬೇಡಿಕೊಂಡೆ. ಜೂಹಿ ಅಮ್ಮಾ ಎನ್ನಲಿ, ಇವರೊಮ್ಮೆ ಕೆಮ್ಮಲಿ, ಓಣಿಯಲ್ಲಿ ತರಕಾರಿಯವನಾದರೂ ಕೂಗಲಿ. ಕೈ ತೊಳೆದು ಎದ್ದು ಹೋಗುತ್ತಿದ್ದೆ, ಇದು ಸತ್ಯ. ಹೊರಗೆ ಮೂವರೂ ಬಾಗಿಲಿನ ಪಕ್ಕದಲ್ಲೇ ಇದ್ದರು. ನನ್ನ ವ್ರತ ಕೆಡಬಾರದೆಂದು ಒಬ್ಬರೂ ಉಸಿರೆತ್ತಲಿಲ್ಲ.

ಎಷ್ಟೋ ಹೊತ್ತು ಕಾದು, ಉಂಡೆ.