ಅಜ್ಜಿಯ ಊಟದ ಕಡ್ಡಿ

"ಎಂಜಲು ತೊಳೆಯೋನಿಗೆ ಎಂಜಲೇ ಪ್ರಸಾದ, ಅಲ್ವೇನೋ ಗೋಪಾಲ?"

ಬಾವ ವೆಂಕಟೇಶ ಇದನ್ನು ನಗುನಗುತ್ತಲೇ ಅಂದ. ಸುತ್ತ ಕೂತ ಚೀನೀಯರಿಗೆ ಕನ್ನಡ ಎಲ್ಲಿಂದ ಬರಬೇಕು? ಏನೋ ತಮಾಷೆ ಅಂದುಕೊಂಡು ಅವರೂ ನಕ್ಕರು. ಅಕ್ಕ ಸುಲೋಚನಾ ತಲೆ ತಗ್ಗಿಸಿದಳು. ಗೋಪಾಲನ ಕಿವಿ ಕಾದ ಕಾವಲಿಯಾಯಿತು.

2006ರ ಜನವರಿ. ಸ್ವೀಡನ್ನಿನ ಲುಂಡ್‌ನ ಆ ಚೀನೀ ಹೋಟೆಲಿನಲ್ಲಿ ಅವರ ಹೊಸವರ್ಷದ ಊಟ. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ಗೋಪಾಲ ಅಲ್ಲಿ ತಟ್ಟೆ ತೊಳೆಯುತ್ತಿದ್ದ. ಮಾಲೀಕ ಲಿನ್ ಅವನ ಮನೆಯವರನ್ನೂ ಕರೆದಿದ್ದ. ಮೇಜಿನ ನಡುವೆ ಇಡೀ ಮೀನು, ಮೇಲೆ ಶುಂಠಿಯ ಎಳೆ. ಲಿನ್‌ನ ತಾಯಿ, ಬೊಚ್ಚುಬಾಯಿಯ ಮುದುಕಿ, ಉಣ್ಣುತ್ತಿದ್ದ ಕಡ್ಡಿಗಳನ್ನು ಬಾಯಿಂದ ತೆಗೆದವಳೇ ಅದರಲ್ಲೇ ಮೀನಿನ ಕೆನ್ನೆಯ ಮೆತ್ತನೆ ತುಂಡನ್ನು ಕಿತ್ತು ಗೋಪಾಲನ ಬಟ್ಟಲಿಗೆ ಹಾಕಿದ್ದಳು. ಬಾವನ ನಾಲಿಗೆ ತುರಿಸಿದ್ದು ಅದಕ್ಕೇ.

ಸುಳ್ಳೇಕೆ, ಗೋಪಾಲನಿಗೂ ಅದು ಹಿಡಿಸಿರಲಿಲ್ಲ. ಎಂಜಲು ಎಂಜಲೇ. ತುಂಡನ್ನು ಬಟ್ಟಲಿನ ಅಂಚಿಗೆ ಸರಿಸಿದ. ಮುದುಕಿಯ ಮುಖ ಸಪ್ಪಗಾಯಿತು. ಮಗನ ಕಿವಿಯಲ್ಲಿ ಏನೋ ಗೊಣಗಿದಳು.

"ನಿಮ್ಮ ಬಾವನಿಗೆ ಹಾಕಿದ ಹಾಗೆ ನಿನಗೂ ಹಾಕಬೇಕಿತ್ತಾ ಅಂತ ಕೇಳ್ತಿದ್ದಾಳೆ," ಎಂದ ಲಿನ್, ಹರುಕುಮುರುಕು ಸ್ವೀಡಿಷಿನಲ್ಲಿ. ಮೀನಿನ ಪಕ್ಕ ಯಾರ ಬಾಯಿಗೂ ಹೋಗದ ಇನ್ನೊಂದು ಜೋಡಿ ಕಡ್ಡಿ ಇತ್ತು. ಬಾವನಿಗೆ, ಅಕ್ಕನಿಗೆ ಬಡಿಸಿದ್ದು ಅದರಿಂದ. "ಅದು ನೆಂಟರಿಗೆ. ತನ್ನ ಕಡ್ಡಿಯಿಂದ ಅಮ್ಮ ಹಾಕೋದು ನನಗೆ, ನನ್ನ ಮಕ್ಕಳಿಗೆ."

ಗೋಪಾಲ ಅಂಚಿಗೆ ಸರಿಸಿದ ತುಂಡನ್ನೇ ನೋಡಿದ. ಕುಂದಾಪುರದ ಮನೆಯಲ್ಲಿ ಅಮ್ಮ ಬಂಗುಡೆಯ ಮುಳ್ಳು ಬಿಡಿಸಿ, ತಾನೊಂದು ತುತ್ತು ತಿಂದು, ಅದೇ ಕೈಯಿಂದ ಅವನ ಬಾಯಿಗೊಂದು ಇಡುತ್ತಿದ್ದಳು. ಶಾಲೆ ಬಿಟ್ಟು ಬಂದ ದಿನ ಅಪ್ಪ ಕೋಲು ಹಿಡಿದು ನಿಂತಾಗಲೂ, "ಮೊದ್ಲ್ ಉಣ್ಲಿ, ಆಮೇಲ್ ನೀವ್ ಹೊಡೀನಿ" ಅಂದಿದ್ದಳು. ಅದನ್ನು ಎಂಜಲು ಅಂತ ಯಾವ ಬೇವರ್ಸಿ ಕರೆದಾನು? ಅವಳು ಹೋದ ಮೇಲೆ ಅವನಿಗೆಂದು ಯಾರೂ ಏನನ್ನೂ ಆರಿಸಿ ಇಟ್ಟಿರಲಿಲ್ಲ. ಈಗಿರುವ ಬಾವನ ಮನೆಯಲ್ಲಂತೂ ಅವನ ತಟ್ಟೆ, ಲೋಟವೇ ಬೇರೆ.

ಅಂಚಿನ ತುಂಡಿಗೆ ಕಡ್ಡಿ ಹಾಕಿದ. ಜಾರಿತು.

ತಾನು ಬರೀ ನೆಂಟ ಅನ್ನುವುದು ಬಾವನಿಗೂ ತಿಳಿದಿತ್ತು. ಅದೇ ಉರಿ. "ಮುಟ್ಟಬೇಡ್ವೋ! ಅದನ್ನ ತಿಂದ್ರೆ ನಮ್ ಮನೆ ಹೊಸ್ತಿಲು ತುಳೀಬೇಡ."

ಗೋಪಾಲ ಕಡ್ಡಿ ಕೆಳಗಿಟ್ಟು, ಕೈಯಿಂದಲೇ ಎತ್ತಿ ಬಾಯಿಗಿಟ್ಟ. ಖಾರವಿಲ್ಲ, ಹುಳಿಯಿಲ್ಲ, ಬಂಗುಡೆಯಂತೂ ಅಲ್ಲವೇ ಅಲ್ಲ. ಆದರೂ ಕಣ್ಣು ತುಂಬಿತು. ಮುದುಕಿ ಬಾಯಿ ತುಂಬ ನಕ್ಕು ಇನ್ನೊಂದು ತುಂಡಿಗೆ ಕಡ್ಡಿ ಚಾಚಿದಳು.

ಊಟ ಮುಗಿಸಿ ಹೊರಬಂದಾಗ ಸೈಕಲ್ ಸೀಟುಗಳ ಮೇಲೆ ಹಿಮ ಕೂತಿತ್ತು. ಬಾವ ಕಾರಿನ ಬಾಗಿಲು ಹಿಡಿದು ನಿಂತಿದ್ದ.

"ತಪ್ಪಾಯ್ತು ಅನ್ನು, ಹತ್ತು. ಇಲ್ಲಾಂದ್ರೆ ಆ ಮುದುಕಿ ಮನೇಲೇ ಬಿದ್ದಿರು. ಏನಂತೀಯ?"

ಅಕ್ಕ ಗಾಜಿನ ಹಿಂದಿನಿಂದ ಕಣ್ಣಲ್ಲೇ ಬಾ ಅಂದಳು.

ಶುಂಠಿಯ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ಮಾತಾಡಿದರೆ ಅದು ಹೋಗಿಬಿಡುತ್ತದೆ ಅನ್ನಿಸಿತು. ಗೋಪಾಲ ಕಾರಿಗೆ ಬೆನ್ನುಹಾಕಿ, ಜೇಬಿಗೆ ಕೈ ತೂರಿಸಿ, ಸೈಕಲ್ಲುಗಳ ಸಾಲಿನ ಪಕ್ಕದಲ್ಲಿ ನಡೆದುಬಿಟ್ಟ.